ಸೆರಗಿನ ಹಿಂಬದಿ

ಕಸೂತಿ ಹಾಕಿದ ಸೆರಗು ಕೈಗೆ ಬಂದರೆ ನಮ್ಮ ಆಯಿ ಮೊದಲು ಅದನ್ನು ತಿರುವಿ ಹಾಕುತ್ತಾಳೆ. ಮುಂಬದಿಯ ಆನೆ, ತೇರು, ತುಳಸಿಕಟ್ಟೆ ಎಲ್ಲ ಆಮೇಲೆ. ಹಿಂಬದಿಯನ್ನು ತೊಡೆಯ ಮೇಲೆ ಹರವಿಕೊಂಡು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಸವರುತ್ತ ಹೋಗುತ್ತಾಳೆ. ಎಲ್ಲಾದರೂ ಉಗುರಿಗೆ ಗಂಟು ತಗಲಿತೋ, ಹೊಲಿದವಳು ಎಷ್ಟೇ ದೊಡ್ಡ ಮನೆಯವಳಿರಲಿ, ಮಾತಿಲ್ಲದೆ ಮಡಿಚಿ ಬದಿಗಿಡುತ್ತಾಳೆ. ಲಕ್ಷ್ಮೇಶ್ವರದಲ್ಲಿ ಆಕೆಯ ವಾರಿಗೆಯ ಹೆಣ್ಣುಮಕ್ಕಳೆಲ್ಲ ಹೀಗೇ. ಆಯಿಗೆ ಕಣ್ಣು ಮಂಜಾಗಿ ಹತ್ತು ವರ್ಷವಾಗಿರಬೇಕು. ಉಗುರು ಮಾತ್ರ ಇನ್ನೂ ಮೋಸ ಹೋಗಿಲ್ಲ.

ಕಸೂತಿಯಲ್ಲಿ ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿ ಎಂದರೆ ಮೆಂತ್ಯದ ಕಾಳಿನಂತೆ ಅಡ್ಡಡ್ಡ ಕೂರುವಂಥದು. ನೇಗಿ ನೇಯ್ಗೆಯಂತೆ ಉದ್ದಕ್ಕೆ ಓಡುವಂಥದು. ಇವೆರಡಕ್ಕೂ ಮುಂದೆ ಒಂದು ಮುಖ, ಹಿಂದೆ ಒಂದು ಮುಖ. ಗವಂತಿಯದೂ ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸುವ ಮುರ್ಗಿಯದೂ ಲೆಕ್ಕ ಬೇರೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಇರುವುದಿಲ್ಲ, ಅಚ್ಚು ಇರುವುದಿಲ್ಲ. ಎಳೆ ಎಣಿಸಬೇಕು. ಇಷ್ಟು ಎಳೆ ಮೇಲೆ, ಇಷ್ಟು ಎಳೆ ಕೆಳಗೆ. ಒಂದು ಹೊಲಿಗೆ ಬಿದ್ದರೆ ಪಕ್ಕದ್ದು ಖಾಲಿ. ಸೂಜಿ ಹೋಗುವಾಗ ಕಾಣುವುದು ಬರೀ ತುಂಡು ತುಂಡು ಗೆರೆ, ಮಳೆ ಹನಿದು ನಿಂತ ಅಂಗಳದ ಹಾಗೆ. ಅದು ಗೋಪುರವೋ ತೊಟ್ಟಿಲೋ ಹೊಲಿಯುವವಳಿಗಷ್ಟೇ ಗೊತ್ತು. ತುದಿ ಮುಟ್ಟಿದ ಮೇಲೆ ಸೂಜಿ ಅದೇ ಹಾದಿ ಹಿಡಿದು ಹೊರಳಬೇಕು, ಬಿಟ್ಟುಬಂದ ಖಾಲಿಗಳನ್ನು ಒಂದೊಂದಾಗಿ ತುಂಬುತ್ತ ಬರಬೇಕು. ಆಗ ಮಾತ್ರ ಗೋಪುರ ಎದ್ದು ನಿಲ್ಲುತ್ತದೆ, ಎರಡೂ ಬದಿಗೆ ಒಂದೇ ಆಗಿ. ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದ್ದರೆ ಬರುವಾಗ ದಾರಿ ಸಿಗುವುದಿಲ್ಲ.

ನಮ್ಮ ಚಿಗವ್ವ ಊರಲ್ಲಿದ್ದಾಗ ಸೂಜಿ ಹಿಡಿದವಳಲ್ಲ. ಆಯಿ ಬೈದು ಕೂರಿಸಿದರೆ ನಾಲ್ಕು ಮೆಂತಿ ಹಾಕಿ, ಬೆರಳು ಚುಚ್ಚಿಕೊಂಡೆನೆಂದು ಅತ್ತು ಎದ್ದು ಓಡುತ್ತಿದ್ದಳಂತೆ. ಮದುವೆಯಾಗಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿಗೆ ಹೋದಳು, ಚಿಗಪ್ಪನಿಗೆ ಅಲ್ಲಿ ಔಷಧ ಕಂಪನಿಯಲ್ಲಿ ಕೆಲಸ. ಮೂರನೇ ಚಳಿಗಾಲಕ್ಕೆ ಕಸೂತಿ ಶುರುವಾಯಿತು. ಮಧ್ಯಾಹ್ನ ನಾಲ್ಕೂವರೆಗೇ ಕತ್ತಲೆ, ಹೊರಗೆ ಮಾತಾಡಿಸುವವರಿಲ್ಲ, ಕಿಟಕಿಯ ಕೆಳಗೆ ಹಸಿರು ಬಣ್ಣದ ಟ್ರಾಮು ಹೋಗುವುದಷ್ಟೇ ಸದ್ದು. ಒಂದು ದಿನ ಪೆಟ್ಟಿಗೆಯ ತಳದಲ್ಲಿದ್ದ ಚಂದ್ರಕಾಳಿ ಸೀರೆ ತೆಗೆದು ನೋಡಿದಳಂತೆ. ಮದುವೆಯಲ್ಲಿ ಆಯಿ ಕೊಟ್ಟ ಕರಿಸೀರೆ. ಅದರ ಸೆರಗಿನ ಮೇಲೆ ಆಯಿಯ ತಾಯಿ ಹಾಕಿದ್ದ ಗೋಪುರದ ಎಳೆಗಳನ್ನು ಎಣಿಸತೊಡಗಿದವಳು ರಾತ್ರಿ ಊಟ ಮರೆತಳು. ಈ ಸಂಗತಿ ಹೇಳುವಾಗ ಚಿಗವ್ವ ಅಂದ ಮಾತು ಇದು: "ಊರಾಗ ಇದ್ದಾಗ ಇದು ನನಗ ಕಾಣತಿರಲಿಲ್ಲೋ. ಮೈಮ್ಯಾಲೆ ಇತ್ತು, ಕಣ್ಣಿಗೆ ಬೀಳತಿರಲಿಲ್ಲ. ಇಲ್ಲಿಗೆ ಬಂದ ಮ್ಯಾಲೆ ಕಂಡತು."

ಆ ಮಾತು ನನ್ನೊಳಗೆ ಎಷ್ಟೋ ವರ್ಷದಿಂದ ಕೂತಿದೆ. ಪರಸ್ಥಳದಲ್ಲಿ ಹಾಡುವವರ, ಬರೆಯುವವರ, ಕೆತ್ತುವವರ ಬಗ್ಗೆ ನಾವು ಆಡುವ ಮಾತೆಲ್ಲ ನೆನಪಿನದು. ಊರು ನೆನಪಾಯಿತು, ಹಾಗಾಗಿ ಬರೆದರು, ಎನ್ನುತ್ತೇವೆ. ಚಿಗವ್ವ ಹೇಳಿದ್ದು ನೆನಪಿನ ಮಾತಲ್ಲ. ಇಲ್ಲದೇ ಇದ್ದದ್ದು ನೆನಪಾಗುವುದು ಹೇಗೆ? ಊರಲ್ಲಿದ್ದಾಗ ಆಕೆಯ ಬಳಿ ಕಸೂತಿ ಇರಲೇ ಇಲ್ಲ. ದೂರ ಹೋದ ಮೇಲೆ ಮೊದಲ ಸಲ ಅದು ಆಕೆಗೆ ದಕ್ಕಿತು.

ಮಾತಿನ ವಿಷಯದಲ್ಲೂ ಹೀಗೇ ಒಂದು ನಡೆಯಿತು. ಅಲ್ಲಿನ ಕನ್ನಡದವರ ಮನೆಯೊಂದರಲ್ಲಿ ಹಬ್ಬದ ಊಟಕ್ಕೆ ಸೇರಿದ್ದಾಗ ಚಿಗವ್ವ ಬಾಯಿ ತೆರೆದೊಡನೆ ಯಾರೋ ನಕ್ಕರಂತೆ. ನಿಮ್ಮದು ಯಾವ ಕನ್ನಡ, ಅರ್ಥವೇ ಆಗುವುದಿಲ್ಲವಲ್ಲ, ಎಂದರಂತೆ. ಆಮೇಲೆ ಎಷ್ಟೋ ತಿಂಗಳು ಆಕೆ ಅಲ್ಲಿ ಹೂಂ, ಇಲ್ಲ ಎರಡೇ ಮಾತಿನಲ್ಲಿ ದಾಟಿಸಿದಳು. ಅದೇ ಹೊತ್ತಿಗೆ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದಳು. ಪುಸ್ತಕದ ಜರ್ಮನ್ ಕಷ್ಟಪಟ್ಟು ಕಲಿತು ಟ್ರಾಮು ಹತ್ತಿದರೆ ಅಲ್ಲಿ ಯಾರ ಬಾಯಲ್ಲೂ ಅದಿಲ್ಲ. ಬಾಸೆಲ್ಲಿನವರು ಆಡುವುದು ತಮ್ಮ ಊರಿನ ಜರ್ಮನ್, ಬರೆಯುವುದು ಪುಸ್ತಕದ್ದು. ಡಾಕ್ಟರು, ವಕೀಲರು, ಬ್ಯಾಂಕಿನವರು, ಎಲ್ಲರೂ ಹಾಗೇ, ಯಾರಿಗೂ ಅದರಲ್ಲಿ ನಾಚಿಕೆಯಿಲ್ಲ. ಇದು ತಿಳಿದ ದಿನ ಚಿಗವ್ವ ಮನೆಗೆ ಬಂದು ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿ ಆಯಿಯ ಜೋಡಿ ಒಂದು ತಾಸು ಬಾಯಿತುಂಬ ಮಾತಾಡಿದಳಂತೆ, "ಹೋಗೇನಿ, ಬಂದೇನಿ, ಹಂಗ್ಯಾಕ, ಇರಲಿ ಬಿಡ" ಎಂದು, ತನ್ನ ಮಾತಿನ ಸದ್ದು ತಾನೇ ಕೇಳಿಸಿಕೊಳ್ಳುತ್ತ.

ನಕ್ಕವರಿಗೆ ಗೊತ್ತಿರಲಿಲ್ಲ, ಚಿಗವ್ವನಿಗೂ ಆಗ ತೋಚಿರಲಿಲ್ಲ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಪುಲಿಗೆರೆ ಮುನ್ನೂರು ಎಂಬ ನಾಡಿನ ತಲೆಯೂರು ಅದು. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳ ಹೆಸರೆತ್ತುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅದಾಗಿ ನೂರು ವರ್ಷ ತುಂಬುವ ಮೊದಲೇ ಪಂಪ ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಆತನೇ ಹೇಳಿಕೊಂಡ.

ಪಂಪ ಬರೆಯುತ್ತ ಕೂತದ್ದು ಪುಲಿಗೆರೆಯಲ್ಲಲ್ಲ. ಶಾಲೆಯಲ್ಲಿ ನಮಗೆ ಈ ಸಂಗತಿ ಯಾರೂ ಒತ್ತಿ ಹೇಳಲಿಲ್ಲ. ಆತನ ಆಶ್ರಯದಾತ ಎರಡನೆಯ ಅರಿಕೇಸರಿಯ ರಾಜಧಾನಿ ವೇಮುಲವಾಡ, ಇಂದಿನ ತೆಲಂಗಾಣದ ನಡುವೆ. ಪಂಪನ ಹಿರಿಯರ ಊರು ವೆಂಗಿನಾಡಿನಲ್ಲಿ, ಅದೂ ತೆಲುಗು ನೆಲವೇ. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು, ಅಂದರೆ ಗದಗು ಹುಬ್ಬಳ್ಳಿ ಹಾದಿಯ ನಮ್ಮ ಅಣ್ಣಿಗೇರಿಯ ರಕ್ತ. ಇದು ತಿಳಿದದ್ದು ಪಂಪನ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನದಿಂದ. ಆ ಶಾಸನದಲ್ಲಿ ಸಂಸ್ಕೃತವಿದೆ, ಕನ್ನಡವಿದೆ, ತೆಲುಗು ಕಂದಪದ್ಯಗಳಿವೆ. ಒಂದೇ ಮನೆಯ ಅಂಗಳದಲ್ಲಿ ಮೂರು ನುಡಿ ಓಡಾಡುತ್ತಿದ್ದವು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅಂಥ ಮನೆಯಿಂದ ಬಂದವನು, ಅಂಥ ಊರಲ್ಲಿ ಕೂತು, ಕ್ರಿ.ಶ. 941ರ ಸುಮಾರಿಗೆ, ಮೂರು ತಿಂಗಳಲ್ಲಿ 'ಆದಿಪುರಾಣ'ವನ್ನೂ ಆರು ತಿಂಗಳಲ್ಲಿ ತನ್ನ ಭಾರತವಾದ 'ವಿಕ್ರಮಾರ್ಜುನ ವಿಜಯ'ವನ್ನೂ ಮುಗಿಸಿದ.

ತಿರುಳು ಎಂಬ ಮಾತಿನ ಬಗ್ಗೆ ನನಗೆ ಬಹಳ ದಿನದಿಂದ ಒಂದು ಅನುಮಾನ. ಹಣ್ಣಿನ ಒಳಗಿರುವವರಿಗೆ ತಿರುಳು ಎನ್ನುವುದು ಇಲ್ಲ, ಇರುವುದೆಲ್ಲ ಹಣ್ಣೇ. ಸಿಪ್ಪೆ ಸುಲಿದು ಕೈಯಲ್ಲಿ ಹಿಡಿದವನಿಗೆ ಮಾತ್ರ ಇದು ಸಿಪ್ಪೆ, ಇದು ತಿರುಳು. ಪುಲಿಗೆರೆಯ ಸಂತೆಯಲ್ಲಿ ಕಾಳನ್ನೋ ಕುಸುಬಿಯನ್ನೋ ಅಳೆಯುತ್ತ ಕೂತ ಹೆಂಗಸಿಗೆ ತಾನು ಆಡುತ್ತಿರುವುದು ತಿರುಳ್ಗನ್ನಡವೆಂದು ಹೇಗೆ ಗೊತ್ತಾಗಬೇಕು? ಅದು ಗೊತ್ತಾಗಬೇಕಾದರೆ ವೇಮುಲವಾಡಕ್ಕೆ ಹೋಗಬೇಕು, ಬೀದಿಯಲ್ಲಿ ತೆಲುಗು ಕೇಳಬೇಕು, ಬಸದಿಯಲ್ಲಿ ಪ್ರಾಕೃತ, ಅರಮನೆಯಲ್ಲಿ ಸಂಸ್ಕೃತ ಕೇಳಬೇಕು. ಅವುಗಳ ನಡುವೆ ತಾಯಿಯ ಕಡೆಯ ನೆಂಟರು ಬಂದಾಗ ಆಡಿದ ಒಂದು ಮಾತು ಫಕ್ಕನೆ ಬೇರೆಯಾಗಿ ಕಿವಿಗೆ ಬೀಳಬೇಕು. ಪಂಪ ಪುಲಿಗೆರೆಯ ನುಡಿಯನ್ನು ಆರಿಸಿಕೊಂಡದ್ದು ಹಾಗೆ ಕೇಳಿಸಿಕೊಂಡದ್ದರಿಂದ ಎಂದು ನಾನು ನಂಬಿದ್ದೇನೆ. ಅರಸರ ಮನೆತನ ಚಾಲುಕ್ಯರದು, ಪುಲಿಗೆರೆ ಅವರ ಹಳೆಯ ನಾಡು, ಹಾಗಾಗಿ ಈ ಆಯ್ಕೆ ಎಂದು ವಿದ್ವಾಂಸರು ಕಾರಣ ಕೊಟ್ಟಾರು. ಕೊಡಲಿ. ಅರಸರನ್ನು ಮೆಚ್ಚಿಸಲು ಆರಿಸಿಕೊಂಡ ನುಡಿಯಲ್ಲಿ ಕರ್ಣನ ಸಾವನ್ನು ಹಾಗೆ ಬರೆಯಲು ಬರುವುದಿಲ್ಲ.

ಬನವಾಸಿಯ ನೆನಪಿನ ಪದ್ಯಗಳನ್ನು ಕನ್ನಡಿಗರೆಲ್ಲ ಬಾಯಿಪಾಠ ಮಾಡಿದ್ದೇವೆ. ಅವು ಕಾವ್ಯದಲ್ಲಿ ಎಲ್ಲಿ ಬರುತ್ತವೆ ಎನ್ನುವುದನ್ನು ಅಷ್ಟಾಗಿ ನೋಡುವುದಿಲ್ಲ. ಅರ್ಜುನ ಮನೆ ಬಿಟ್ಟು ತೀರ್ಥಯಾತ್ರೆಯ ಹೆಸರಿನಲ್ಲಿ ನಾಡು ನಾಡು ಅಲೆಯುವಾಗ ಬನವಾಸಿಗೆ ಬರುತ್ತಾನೆ. ಊರು ತೊರೆದವನ ದಾರಿಯಲ್ಲಿ ಪಂಪ ತನ್ನ ಹಂಬಲವನ್ನು ಇಟ್ಟ. ಹಸ್ತಿನಾಪುರದ ಅರಸುಮಗ ಬನವಾಸಿಗೆ ಪರಸ್ಥಳದವನು, ಬನವಾಸಿಯನ್ನು ಬಲ್ಲ ಕವಿ ವೇಮುಲವಾಡಕ್ಕೆ. ಒಬ್ಬ ಪರಸ್ಥಳದವನ ಕಣ್ಣನ್ನು ಇನ್ನೊಬ್ಬ ಪರಸ್ಥಳದವನು ಎರವಲು ಪಡೆದು ಆ ನಾಡನ್ನು ನೋಡಿದ್ದಾನೆ. ಅಷ್ಟು ನಿಚ್ಚಳವಾಗಿ ಅದು ಕಂಡದ್ದು ಅದಕ್ಕೇ ಇರಬೇಕು.

ಪುಲಿಗೆರೆಯಿಂದ ದಾರ ಹೋದದ್ದಾಯಿತು. ಅದೇ ಊರಿಗೆ ಬಂದ ದಾರವೂ ಒಂದಿದೆ. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ ಹೋದವರು ನೋಡಿರುತ್ತೀರಿ. ಅಲ್ಲಿ ನಂದಿಯ ಬೆನ್ನ ಮೇಲೆ ಶಿವ ಪಾರ್ವತಿಯರು ಕೂತಿದ್ದಾರೆ. ಈ ಸೋಮನಾಥ ಸೌರಾಷ್ಟ್ರದಿಂದ ಬಂದವನೆಂದು ಕತೆ. ಕರೆತಂದವನು ಆದಯ್ಯ, ಸೌರಾಷ್ಟ್ರದ ವ್ಯಾಪಾರಿ. ಸರಕು ಹೊತ್ತು ಪುಲಿಗೆರೆಗೆ ಬಂದು, ಇಲ್ಲಿನ ಜೈನರ ಮಗಳು ಪದ್ಮಾವತಿಯನ್ನು ಮೆಚ್ಚಿ ಮದುವೆಯಾಗಿ, ಇಲ್ಲೇ ನಿಂತ. ಹರಿಹರ ಆತನ ಮೇಲೆ ರಗಳೆ ಬರೆದ, ರಾಘವಾಂಕ 'ಸೋಮನಾಥ ಚಾರಿತ್ರ' ಬರೆದ. ಕತೆಯೊಳಗೆ ಮಾವನ ಮನೆಯ ಜಗಳವಿದೆ, ಪಂಥವಿದೆ, ಬಸದಿಯಲ್ಲಿ ಸೋಮನಾಥನನ್ನು ನಿಲ್ಲಿಸುವ ಹಟವಿದೆ. ಓದುವಾಗ ಮನಸ್ಸು ಮುದುಡುತ್ತದೆ. ಹೊರಗಿನವನು ಬಂದು ನೆಲೆಯೂರುವುದು ಯಾವ ಕಾಲಕ್ಕೂ ಬರೀ ನಗುಮುಖದಿಂದ ಆದದ್ದಲ್ಲ, ಬಂದವನಿಗೂ ನೋವು, ಇದ್ದವರಿಗೂ ನೋವು.

ನನಗೆ ಆದಯ್ಯ ಬೇಕಾಗಿರುವುದು ಇನ್ನೊಂದು ಕಾರಣಕ್ಕೆ. ಆತ ವಚನಕಾರ. ನಾನೂರರಷ್ಟು ವಚನ ಸಿಕ್ಕಿವೆ, ಎಲ್ಲ ಕನ್ನಡದಲ್ಲಿ. ಅಂಕಿತ ಮಾತ್ರ ಸೌರಾಷ್ಟ್ರ ಸೋಮೇಶ್ವರ. ಮಾತು ಹೆಂಡತಿಯ ಊರಿನದು, ಕೊನೆಯ ಉಸಿರು ತಾನು ಬಿಟ್ಟುಬಂದ ಊರಿನದು. ಪ್ರತಿ ವಚನವೂ ಪುಲಿಗೆರೆಯಲ್ಲಿ ಹೊರಟು ಕಡಲ ದಂಡೆಯ ಸೌರಾಷ್ಟ್ರಕ್ಕೆ ಹೋಗಿ ಮುಟ್ಟುತ್ತದೆ. ಎಷ್ಟು ವರ್ಷ ಇಲ್ಲಿದ್ದರೂ ಆತ ಅಂಕಿತವನ್ನು ಪುಲಿಗೆರೆ ಸೋಮೇಶ್ವರ ಎಂದು ಬದಲಿಸಲಿಲ್ಲ. ಕನ್ನಡ ಬಾರದ ಕಾಲಕ್ಕೆ ತನ್ನ ಭಾಷೆಯಲ್ಲೇ ಆತ ಏನಾದರೂ ಹಾಡಿಕೊಂಡಿದ್ದನೋ ಏನೋ, ಅದು ಉಳಿದಿಲ್ಲ. ಉಳಿದದ್ದು ಕಲಿತ ಭಾಷೆಯದು. ಪುಲಿಗೆರೆಯ ಕನ್ನಡವನ್ನು ಹಿಡಿದುಕೊಂಡು ಪಂಪ ಪರನಾಡಿನಲ್ಲಿ ಬರೆದ, ಪರನಾಡಿನ ಹೆಸರು ಹಿಡಿದುಕೊಂಡು ಆದಯ್ಯ ಪುಲಿಗೆರೆಯಲ್ಲಿ ಬರೆದ. ಒಂದೇ ಬಟ್ಟೆಯ ಎರಡು ಬದಿ ಎಂದು ನನಗೆ ಅನ್ನಿಸುವುದು ಇವರಿಬ್ಬರನ್ನು ಒಟ್ಟಿಗೆ ನೋಡಿದಾಗ.

ಲಕ್ಷ್ಮೇಶ್ವರದಿಂದ ಗದಗು ಬಸ್ಸಿನಲ್ಲಿ ಒಂದೂ ಕಾಲು ತಾಸಿನ ದಾರಿ. ಅಲ್ಲಿ 1930ರ ದಶಕದ ಶುರುವಿನಲ್ಲಿ ಗ್ರಾಮೊಫೋನು ತಟ್ಟೆ ಹಾಕುವ ಅಂಗಡಿಯ ಮುಂದೆ ಒಬ್ಬ ಹುಡುಗ ಬಂದು ನಿಲ್ಲುತ್ತಿದ್ದ. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ, ಮಾಸ್ತರರ ಮಗ. ಭಜನೆಯ ಮೇಳ, ಬ್ಯಾಂಡಿನ ಮೆರವಣಿಗೆ, ಯಾವುದು ಕಂಡರೂ ಹಿಂದೆ ಹೋಗಿ ಎಲ್ಲೋ ನಿದ್ದೆ ಹೋಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆಸಿದ್ದರಂತೆ. ಕುರ್ತಕೋಟಿಯ ಚನ್ನಪ್ಪನವರಲ್ಲಿ ಒಂದಿಷ್ಟು ಪಾಠವೂ ಆಗಿತ್ತು. ಅಂಗಡಿಯಲ್ಲಿ ಕೇಳಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ. ಮೂರು ನಿಮಿಷದ ತಟ್ಟೆ. ಹುಡುಗನಿಗೆ ಹಿಂದಿ ಬರುತ್ತಿರಲಿಲ್ಲ. ಅರ್ಥವಾಗದ ಭಾಷೆಯ ಆ ಮೂರು ನಿಮಿಷ ಹನ್ನೊಂದು ವರ್ಷದ ಭೀಮಸೇನ ಜೋಶಿಯವರನ್ನು 1933ರಲ್ಲಿ ಮನೆ ಬಿಡಿಸಿತು. ಟಿಕೆಟ್ಟಿಲ್ಲದ ರೈಲು, ಹಾಡಿ ಗಿಟ್ಟಿಸಿಕೊಂಡ ಊಟ, ವಿಜಾಪುರ, ಪುಣೆ, ಗ್ವಾಲಿಯರ್, ಕಲ್ಕತ್ತೆ, ಜಲಂಧರ್. ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು ಹುಡುಗನಿಗೆ ಹೇಳಿದರಂತೆ, ನೀನು ಹುಡುಕುವ ಗುರು ನಿನ್ನ ಮನೆಯ ಹತ್ತಿರವೇ ಇದ್ದಾರೆ, ಕುಂದಗೋಳಕ್ಕೆ ಹೋಗು. ಗದಗಿನಿಂದ ಅರ್ಧ ದಿನದ ಹಾದಿ ಕುಂದಗೋಳ. ಅಲ್ಲಿದ್ದವರು ಸವಾಯಿ ಗಂಧರ್ವರು, ಆ ತಟ್ಟೆಯ ದನಿಯ ನೇರ ಶಿಷ್ಯರು.

ಹಾಗಾದರೆ ಆ ಅಲೆದಾಟವೆಲ್ಲ ದಂಡವಾಯಿತೇ? ಮನೆಯ ಬಾಗಿಲಿಗೇ ಇದ್ದದ್ದನ್ನು ಪಂಜಾಬಿನಲ್ಲಿ ಹುಡುಕಿದ್ದು ಹುಡುಗುಬುದ್ಧಿಯೇ? ಗವಂತಿ ಹಾಕಿದವರು ಹಾಗೆ ಕೇಳಲಾರರು. ಹೋಗುವ ಸೂಜಿ ಖಾಲಿ ಬಿಡುತ್ತ ಹೋಗದಿದ್ದರೆ ಬರುವ ಸೂಜಿ ತುಂಬುವುದಕ್ಕೆ ಏನಿರುತ್ತದೆ? ಕುಂದಗೋಳಕ್ಕೆ ನೇರ ಬಂದಿದ್ದರೆ ಅದು ಒಂದು ಊರು, ಜಲಂಧರ್ ಮುಟ್ಟಿ ಬಂದುದರಿಂದ ಅದು ಗುರುವಿನ ಮನೆ.

ಆ ತಟ್ಟೆಯ ದನಿ ಗದಗಿಗೆ ಬಂದ ದಾರಿಯನ್ನೂ ನೋಡಬೇಕು. ಅಬ್ದುಲ್ ಕರೀಂ ಖಾನರು ಉತ್ತರದ ಕೈರಾನಾದವರು. ಮೈಸೂರು ಅರಮನೆಗೆ ಹೋಗಿ ಬರುವಾಗ ಹುಬ್ಬಳ್ಳಿ, ಧಾರವಾಡ, ಕುಂದಗೋಳ ಅವರ ತಂಗುದಾಣ. ಕೊನೆಗೆ ಮಿರಜಿನಲ್ಲಿ ನೆಲೆ. ದಕ್ಷಿಣದವರ ಹಾಡಿಕೆಯನ್ನು ಅವರು ಹೊರಗಿನದೆಂದು ಬದಿಗೆ ಸರಿಸಲಿಲ್ಲ, ಕೂತು ಕೇಳಿದರು. ಖರಹರಪ್ರಿಯದಲ್ಲಿ ತ್ಯಾಗರಾಜರ ಕೃತಿಯನ್ನು ಹಾಡಿ ತಟ್ಟೆ ಮಾಡಿಸಿದರು. ಅವರ ಸರಗಮ್‌ನಲ್ಲಿ ಕರ್ನಾಟಕ ಸಂಗೀತದ ಎಣಿಕೆ ಬಂದು ಕೂತಿತು. 1937ರಲ್ಲಿ ಪಾಂಡಿಚೇರಿಗೆ ಹೊರಟವರು ದಾರಿಯಲ್ಲಿ ಅಸ್ವಸ್ಥರಾಗಿ ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ನಮಾಜು ಮುಗಿಸಿ ದರಬಾರಿಯ ಸ್ವರ ಹಿಡಿದು ಕಣ್ಣು ಮುಚ್ಚಿದರು. ಇಂದು ಗದಗಿನಲ್ಲಿ ಹಿಂದೂಸ್ತಾನಿ ಸಂಗೀತ ಯಾವ ಊರಿನದು ಎಂದು ಕೇಳಿದರೆ ಜನ ವೀರೇಶ್ವರ ಪುಣ್ಯಾಶ್ರಮದ ದಾರಿ ತೋರಿಸುತ್ತಾರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳು ತಂಬೂರಿ ಶ್ರುತಿ ಮಾಡುವ ಆ ಜಗಲಿ. ಅದು ಹೊರಗಿನಿಂದ ಬಂದದ್ದು ಎಂದರೆ ನಂಬುವವರಿಲ್ಲ, ನಂಬಬೇಕಾಗಿಯೂ ಇಲ್ಲ. ಭೀಮಸೇನರು ಪುಣೆಯವರಾಗಿ ಮರಾಠಿ ಅಭಂಗಗಳನ್ನು ಹಾಡಿದಾಗ, ಮಹಾರಾಷ್ಟ್ರ ಅವರನ್ನು ತನ್ನವರೆಂದೇ ಅಪ್ಪಿಕೊಂಡಾಗ, ನನ್ನ ಕಿವಿಗೆ ಮಾತ್ರ ಆ ಏರುದನಿಯಲ್ಲಿ ಗದಗಿನ ಓಣಿಯ ಭಜನೆ ಕೇಳುತ್ತದೆ. ದಾಸರ ಪದ ಹಾಡಿದಾಗಲೋ, ಅದು ಬಂದು ಸೇರಿದ ಹಾಗೆ.

ಇಷ್ಟು ಹೊತ್ತು ಹೋದವರ ಮಾತೇ ಆಯಿತು. ಆಯಿಯ ಉಗುರು ಹುಡುಕುವುದು ಹಿಂಬದಿಯನ್ನು.

ಬಾಸೆಲ್ಲಿಗೂ ನಮ್ಮ ಕಡೆಗೂ ಹಳೆಯ ನಂಟು. 1815ರಲ್ಲಿ ಅಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1841ರ ಹೊತ್ತಿಗೆ ಗದಗಿನ ಪಕ್ಕದ ಬೆಟಗೇರಿಯಲ್ಲಿ ಠಾಣ್ಯ ಹೂಡಿತ್ತು. ಇದೇ ಮಿಷನ್ನಿನವರು ಕಿಟೆಲ್. 1853ರಲ್ಲಿ ಬಂದವರು, 1894ರಲ್ಲಿ ನಿಘಂಟು ಕೊಟ್ಟವರು. ಅದಕ್ಕೂ ಮೊದಲೇ, 1862ರಲ್ಲಿ, ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಎಂದು ಅಚ್ಚು ಹಾಕಿಸಿದ್ದರು. ಮೂವತ್ತು ತುಂಬದ ಜರ್ಮನ್ ಹುಡುಗ ಮಾತ್ರೆ ಎಣಿಸುತ್ತ ಕೂತದ್ದನ್ನು ನೆನೆದರೆ ನನಗೆ ಎಳೆ ಎಣಿಸುವ ಚಿಗವ್ವನೇ ಕಣ್ಣ ಮುಂದೆ ಬರುತ್ತಾಳೆ. ನಾನು ಬಾಸೆಲ್ಲಿಗೆ ಹೋಗಿದ್ದಾಗ ಚಿಗವ್ವ ಮಿಷನ್ನಿನ ಹಳೆಯ ಮನೆಯಿರುವ ಬೀದಿಯನ್ನು ತೋರಿಸಿದಳು. ಆಮೇಲೆ ಚಿತ್ರಶಾಲೆಗೆ ಕರೆದುಕೊಂಡು ಹೋಗಿ ಒಂದು ಪಟದ ಮುಂದೆ ನಿಲ್ಲಿಸಿದಳು.

ಹ್ಯಾನ್ಸ್ ಹೋಲ್ಬೈನ್ ಬರೆದದ್ದು. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಹುಟ್ಟಿ ಬಾಸೆಲ್ಲಿನಲ್ಲಿ ಹೆಸರು ಮಾಡಿ, ಕೆಲಸ ಸಿಗದೆ 1526ರಲ್ಲಿ ಲಂಡನ್ನಿಗೆ ಹೋದವನು. ಎರಡು ವರ್ಷಕ್ಕೆ ಬಂದ, 1532ರಲ್ಲಿ ಮತ್ತೆ ಹೋದ, ಎಂಟನೇ ಹೆನ್ರಿ ದೊರೆಯ ಚಿತ್ರಕಾರನಾದ, 1543ರಲ್ಲಿ ಅಲ್ಲೇ ತೀರಿಕೊಂಡ. ಆತ ಬರೆದ ಸಿರಿವಂತರ ಪಟಗಳಲ್ಲಿ ಕೊರಳಪಟ್ಟಿ, ತೋಳಿನ ಅಂಚುಗಳ ಮೇಲಿನ ಕರಿದಾರದ ಕಸೂತಿ ಒಂದೊಂದು ಎಳೆಯೂ ಎಣಿಸುವ ಹಾಗೆ ಕಾಣುತ್ತದೆ. ಹೋಗುತ್ತ ಖಾಲಿ ಬಿಟ್ಟು ಬರುತ್ತ ತುಂಬುವ ಆ ಹೊಲಿಗೆಗೆ ಯುರೋಪಿನವರು ಇಂದಿಗೂ ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಅದು ನಮ್ಮ ಗವಂತಿಯೇ. ಈ ವಿಷಯ ಗೊತ್ತಾದಾಗ ಚಿಗವ್ವನಿಗೆ ಆದ ಖುಷಿ ಅಷ್ಟಿಷ್ಟಲ್ಲ, ಪರಸ್ಥಳದಲ್ಲಿ ಬಳಗದವರೊಬ್ಬರು ಸಿಕ್ಕ ಹಾಗೆ.

ಆಕೆ ನನ್ನನ್ನು ನಿಲ್ಲಿಸಿದ ಪಟ ಮಾತ್ರ ದೊರೆಗಳದಲ್ಲ. ಲಂಡನ್ನಿನಿಂದ ಮೊದಲ ಸಲ ಮರಳಿದಾಗ ಹೋಲ್ಬೈನ್ ಕಾಗದದ ಮೇಲೆ ಬರೆದ ಹೆಂಡತಿ ಮಕ್ಕಳ ಚಿತ್ರ. ಹೆಂಡತಿಯ ಮಡಿಲಲ್ಲಿ ಒಂದು ಕೂಸು, ಪಕ್ಕದಲ್ಲಿ ಮೇಲೆ ನೋಡುತ್ತಿರುವ ಹುಡುಗ. ಹೆಂಗಸಿನ ಕಣ್ಣುಗಳು ಕೆಂಪಡರಿ ಕೆಳಗೆ ಇಳಿದಿವೆ. ಗಂಡ ಎದುರಿಗೇ ಕೂತು ಬರೆಯುತ್ತಿದ್ದಾನೆ, ಆಕೆ ಆತನನ್ನು ನೋಡುತ್ತಿಲ್ಲ. ಇಷ್ಟು ಸುಳ್ಳಿಲ್ಲದೆ ತನ್ನ ತಪ್ಪನ್ನು ಬರೆದುಕೊಂಡ ಇನ್ನೊಬ್ಬ ಕಲಾವಿದನನ್ನು ನಾನು ಕಂಡಿಲ್ಲ. ಬರೆದು ಮುಗಿಸಿ, ಮತ್ತೆ ಹೋದ. ಬಿಟ್ಟ ಖಾಲಿ ಹಾಗೇ ಉಳಿಯಿತು. ಚಿಗವ್ವ ಬಹಳ ಹೊತ್ತು ನಿಂತಿದ್ದಳು. "ಅವ್ವನ ಮಾರಿ ನೆನಪಾಗತೈತಿ" ಅಂದಳು, ಅಷ್ಟೇ.

ಹೋದವರಿಗೆ ಕಲೆ ಸಿಕ್ಕಿತು ಎಂದು ಬರೆಯುವಾಗ ನನಗೆ ಅಂಜಿಕೆಯಾಗುವುದು ಇಲ್ಲಿ. ಜೋಶಿ ಮಾಸ್ತರರ ಮನೆಯಲ್ಲಿ ಹನ್ನೊಂದು ವರ್ಷದ ಮಗನಿಲ್ಲದ ಆ ರಾತ್ರಿಗಳನ್ನು ಯಾವ ರಾಗಕ್ಕೆ ಜಮಾ ಮಾಡುವುದು? ನಾವು ಕೇಳುವ ಸ್ವರದ ಹಿಂಬದಿಗೆ ಆ ರಾತ್ರಿಗಳೂ ಇವೆ.

ಇನ್ನೊಂದು ಮಾತೂ ಇದೆ. ಮುಂಡರಗಿ, ಶಿರಹಟ್ಟಿ ತಾಲೂಕಿನ ಕಪ್ಪತಗುಡ್ಡದ ಆಸುಪಾಸಿನ ತಾಂಡಾಗಳಿಂದ ಗೋವಾಕ್ಕೆ ಹೋಗುವ ಲಂಬಾಣಿ ಹೆಣ್ಣುಮಕ್ಕಳನ್ನು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಸಲ ನೋಡಿದ್ದೇನೆ! ಅವರ ಹಿರಿಯರು ರಾಜಸ್ಥಾನದ ಕಡೆಯಿಂದ ಎತ್ತಿನ ಮೇಲೆ ದವಸ, ಉಪ್ಪು ಹೇರಿಕೊಂಡು ಬಂದವರು. ತಲೆಮಾರುಗಳ ಅಲೆದಾಟದಲ್ಲಿ ಅವರ ಭಾಷೆ ಉಳಿಯಿತು, ಫೇಟಿಯಾ, ಕಾಂಚಳಿಗಳ ಮೇಲಿನ ಕನ್ನಡಿ ಹೊಲಿಗೆ ಉಳಿಯಿತು. ನಡೆಯುತ್ತಲೇ ಇರುವ ಜನಕ್ಕೆ ಗುಡಿ ಕಟ್ಟಲು, ಗೋಡೆಗೆ ಚಿತ್ರ ಬರೆಯಲು ಎಲ್ಲಿ ಆಗಬೇಕು? ಇದ್ದದ್ದನ್ನೆಲ್ಲ ಮೈಮೇಲಿನ ಬಟ್ಟೆಗೆ ಹೊಲಿದುಕೊಂಡರು. ಈಗ ಅವರ ಮೊಮ್ಮಕ್ಕಳು ಗೋವಾದ ಕಡಲ ದಂಡೆಯ ಉಸುಕಿನಲ್ಲಿ ಮಣಿಸರ, ಕನ್ನಡಿ ಚೀಲ, ಕಾಲ್ಗೆಜ್ಜೆ ಹರವಿಕೊಂಡು ಪರದೇಶದ ಪ್ರವಾಸಿಗಳ ಹಿಂದೆ ನಡೆಯುತ್ತಾರೆ. ಚೀಲಗಳಲ್ಲಿ ಎಷ್ಟೋ ಮಷಿನ್ನಿನವು, ಬೇರೆ ಕಡೆಯಿಂದ ತರಿಸಿದವು. ತಾಂಡಾದ ಅಜ್ಜಿಯ ಕಾಂಚಳಿ ಟ್ರಂಕಿನಲ್ಲಿದೆ, ಮೊಮ್ಮಗಳಿಗೆ ಅದರ ಹೊಲಿಗೆ ಬಾರದು. ದೂರ ಹೋದರೆ ಸ್ವಂತದ್ದು ಕಾಣುತ್ತದೆ ಎಂದೆ. ಚಿಗವ್ವನಿಗೆ ಕಂಡಿತು, ಏಕೆಂದರೆ ಆಕೆಯ ಕಿಟಕಿಯ ಒಳಗೆ ಬೆಚ್ಚಗಿತ್ತು, ನಾಳೆಯ ಊಟದ ಚಿಂತೆ ಇರಲಿಲ್ಲ. ಪೊಲೀಸರು ಯಾವಾಗ ಎಬ್ಬಿಸುತ್ತಾರೋ ಎಂದು ಗಂಟು ಕಟ್ಟಿಕೊಂಡೇ ಕೂರುವವಳಿಗೆ ಎಳೆ ಎಣಿಸುವ ಪುರುಸೊತ್ತು ಎಲ್ಲಿಂದ ಬರಬೇಕು? ಪಂಪನಿಗೂ ಅರಿಕೇಸರಿ ಇದ್ದ, ಧರ್ಮವುರವೆಂಬ ಅಗ್ರಹಾರ ಸಿಕ್ಕಿತು. ಮುಂಡರಗಿಯ ಬಸ್ಸು ಹತ್ತಿದವರೊಳಗೂ ಹಾಡು ಕಟ್ಟಬಲ್ಲವರು ಇದ್ದಾರೆ, ಅವರಿಗೆ ಒಂದು ಕಿಟಕಿ, ನಾಲ್ಕು ಚಳಿಗಾಲ ಸಿಗಲಿಲ್ಲ. ಅವರ ಹಾಡನ್ನು ಕಳೆದುಕೊಂಡವರು ನಾವು.

ಹೋದ ದೀಪಾವಳಿಗೆ ಚಿಗವ್ವ ಬಂದಿದ್ದಳು. ಸೂಟ್‌ಕೇಸಿನಿಂದ ತೆಗೆದದ್ದು ಒಂದು ಮಾರು ಲಿನನ್ ಬಟ್ಟೆ. ಅಲ್ಲಿ ಅದು ಎಳೆ ಎಣಿಸಲು ಬರುವ ಹಾಗೆ ನೇಯ್ದೇ ಸಿಗುತ್ತದಂತೆ. ಕೆಂಪು ದಾರ, ಎಲ್ಲ ಗವಂತಿ ಮತ್ತು ಮುರ್ಗಿ. ಅಂಚಿನಲ್ಲಿ ನಮ್ಮ ತುಳಸಿಕಟ್ಟೆಗಳ ಸಾಲು. ನಡುವೆ ಒಂದು ಗೋಪುರ, ಅದರ ಪಕ್ಕಕ್ಕೇ ಅಷ್ಟೇ ಎತ್ತರದ ಇನ್ನೊಂದು, ಎರಡೂ ತುದಿಯಲ್ಲಿ ಸೂಜಿಯಂತೆ ಚೂಪು. ನಮ್ಮ ಯಾವ ಕಸೂತಿಯಲ್ಲೂ ನಾನು ಅದನ್ನು ಕಂಡಿಲ್ಲ. ಬಾಸೆಲ್ಲಿನಲ್ಲಿ ರೈನ್ ಹೊಳೆಯ ದಂಡೆಗಿರುವ ಕೆಂಪುಕಲ್ಲಿನ ದೊಡ್ಡ ಇಗರ್ಜಿ ಅದು. ದಿನಾ ಮಗಳನ್ನು ಸಾಲಿಗೆ ಬಿಟ್ಟು ಬರುವಾಗ ಕಾಣುವ ಜೋಡಿಗೋಪುರ.

ಪಡಸಾಲೆಯಲ್ಲಿ ಆಯಿ ಕಂಬಕ್ಕೆ ಒರಗಿ ಕೂತಿದ್ದಳು. ಚಿಗವ್ವ ಬಟ್ಟೆಯನ್ನು ಆಕೆಯ ತೊಡೆಯ ಮೇಲೆ ಹರವಿದಳು. ನಾನು ಉಸಿರು ಬಿಗಿಹಿಡಿದು ನಿಂತೆ. ಆಯಿ ಕಣ್ಣ ಹತ್ತಿರ ತಂದು ನೋಡಿದಳು.

"ಎರಡ ಗೋಪುರ ಯಾಕ ಹಾಕೀದಿ?"

"ಅಲ್ಲಿ ಗುಡಿಗೆ ಎರಡ ಇರತಾವವ್ವ."

ಆಯಿ ಹೂಂ ಅಂದಳು. ಬಟ್ಟೆಯನ್ನು ತಿರುವಿ ಹಾಕಿದಳು. ಹೆಬ್ಬೆರಳ ಉಗುರು ಒಂದು ಗೋಪುರದ ಬುಡದಿಂದ ಮೇಲೆ ಹತ್ತಿತು, ತುದಿ ಮುಟ್ಟಿತು, ಇಳಿಯಿತು, ಎರಡನೆಯದನ್ನು ಹತ್ತತೊಡಗಿತು. ಹೊರಗೆ ಓಣಿಯಲ್ಲಿ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಚಿಗವ್ವ ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಸಾಲಿ ಹುಡುಗಿಯ ಹಾಗೆ ನಿಂತಿದ್ದಳು.

"ಗಂಟಿಲ್ಲ," ಅಂದಳು ಆಯಿ.